‘ಫ್ಯೂಡಲ್’ ಎಂಬ ವಿಶೇಷಣವೂ ಚೀನೀ ವಿದ್ಯಾರ್ಥಿಯೂ

“ನನ್ನ ಅಜ್ಜಿ ತುಂಬ ಫ್ಯೂಡಲ್; ನಾನು ಸಂಜೆ ಸ್ನೇಹಿತರೊಡನೆ ಹೊರಗೆ ಹೋಗುವುದು ಆಕೆಗೆ ಸರಿಬೀಳುವುದಿಲ್ಲ.” ಚೀನೀ ಭಾಷೆಯನ್ನು ಮನೆಮಾತಾಗಿ ಉಳ್ಳ ವಿದ್ಯಾರ್ಥಿನಿಯೊಬ್ಬಳು ಇಂಗ್ಲಿಷಿನಲ್ಲಿ ಬರೆಯಬಹುದಾದ ಬಗೆಯ ವಾಕ್ಯವಿದು. ಕರ್ತೃ, ಕ್ರಿಯಾಪದ, ಕಾಲ, ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೂ ಇಂಗ್ಲಿಷನ್ನು ಮನೆಮಾತಾಗಿ ಉಳ್ಳವನು ಇದನ್ನು ಓದಿ ಒಂದು ಕ್ಷಣ ತಬ್ಬಿಬ್ಬಾಗುತ್ತಾನೆ. ಈ ಅಜ್ಜಿಗೆ ಜಹಗೀರಿಯಿದೆಯೆ, ಆಕೆಯ ಕೈಕೆಳಗೆ ಒಕ್ಕಲುಗಳಿದ್ದಾರೆಯೆ ಎಂಬ ಪ್ರಶ್ನೆ ಅವನಲ್ಲಿ ಮೂಡಿದರೆ ಅವನನ್ನು ದೂರುವಂತಿಲ್ಲ. ವಿದ್ಯಾರ್ಥಿನಿ ಹೇಳಬಯಸಿದ್ದು ಇಷ್ಟೆ: ಅಜ್ಜಿ ಹಳೆಯ ಕಾಲದವಳು, ಹೆಣ್ಣುಮಕ್ಕಳ ನಡೆನುಡಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು.

ಇದನ್ನು ಭಾಷಾಶಿಕ್ಷಕರು ಕೆಂಪು ಶಾಯಿಯಿಂದ ತಿದ್ದಿ ಮುಂದೆ ಸಾಗಬಹುದು. ಚರಿತ್ರೆಯ ವಿಭಾಗಕ್ಕೆ ಸೇರಿದವರು ಇದರಲ್ಲಿ ಏಕೆ ತಲೆಹಾಕಬೇಕೆಂದು ವಾಚಕರು ಕೇಳಬಹುದು. ಪ್ರಕೃತ ಲೇಖಕನ ಅಭಿಪ್ರಾಯದಲ್ಲಿ ಈ ತಪ್ಪು ಅಜಾಗರೂಕತೆಯಿಂದ ಹುಟ್ಟಿದುದಲ್ಲ. ದ್ವಿಭಾಷಾ ನಿಘಂಟನ್ನು ನಂಬಿ, ಅದು ಹೇಳಿದಂತೆಯೇ ನಡೆದ ವಿಧೇಯ ವಿದ್ಯಾರ್ಥಿಯ ತಪ್ಪು ಇದು. ನಿಘಂಟು ‘ಫ್ಯೂಡಲ್’ ಎಂಬುದರ ಎದುರಿಗೆ ‘ಫೆಂಗ್‌ಜಿಯನ್’ ಎಂದು ಬರೆದು ನಡುವೆ ಸಮಚಿಹ್ನೆ ಹಾಕಿದಂತೆ ಸುಮ್ಮನಾಗುತ್ತದೆ. ಆ ಎರಡು ಪದಗಳ ನಡುವೆ ಇರುವುದು ಅರ್ಥಸಾಮ್ಯವಲ್ಲ, ಸುಮಾರು ನೂರಿಪ್ಪತ್ತು ವರ್ಷಗಳ ರಾಜಕೀಯ ಚರಿತ್ರೆ. ಅದನ್ನು ಬಿಟ್ಟು ವಾಕ್ಯವನ್ನು ಮಾತ್ರ ತಿದ್ದಿದರೆ ಅದೇ ತಪ್ಪು ಮುಂದಿನ ಪುಟದಲ್ಲಿ ಇನ್ನೊಂದು ವೇಷದಲ್ಲಿ ಮರಳುತ್ತದೆ.

ಮೊದಲು ಇಂಗ್ಲಿಷ್ ಪದವನ್ನೇ ನೋಡೋಣ. ಮಧ್ಯಯುಗದ ಲ್ಯಾಟಿನಿನಲ್ಲಿ ‘ಫ್ಯೂಡುಮ್’ ಅಥವಾ ‘ಫಿಯೋಡುಮ್’ ಎಂದರೆ ಸೇವೆಯ ಕರಾರಿನ ಮೇಲೆ ಒಡೆಯನಿಂದ ಪಡೆದ ಭೂಮಿ. ಅದರಿಂದ ಹುಟ್ಟಿದ ವಿಶೇಷಣ ಇಂಗ್ಲಿಷಿಗೆ ಬಂದದ್ದು 17ನೆಯ ಶತಮಾನದಲ್ಲಿ, ನ್ಯಾಯಶಾಸ್ತ್ರಜ್ಞರ ಮತ್ತು ಪುರಾತನ ದಾಖಲೆಗಳನ್ನು ಶೋಧಿಸುತ್ತಿದ್ದ ವಿದ್ವಾಂಸರ ಲೇಖನಿಯಿಂದ. ಆ ಪದ್ಧತಿ ಉಚ್ಛ್ರಾಯದಲ್ಲಿದ್ದ ಕಾಲದ ಜನ ತಮ್ಮನ್ನು ‘ಫ್ಯೂಡಲ್’ ಎಂದು ಕರೆದುಕೊಂಡವರಲ್ಲ. 1748ರಲ್ಲಿ ಮಾಂಟೆಸ್ಕ್ಯೂ ತನ್ನ ಉದ್ಗ್ರಂಥದ ಕೊನೆಯ ಭಾಗವನ್ನು ಫ್ಯೂಡಲ್ ಕಾನೂನುಗಳ ವಿಚಾರಕ್ಕೆ ಮೀಸಲಿಟ್ಟನು. 1789ರ ಆಗಸ್ಟ್ 4ರ ರಾತ್ರಿ ಫ್ರಾನ್ಸಿನ ರಾಷ್ಟ್ರೀಯ ಸಭೆ ಫ್ಯೂಡಲ್ ವ್ಯವಸ್ಥೆಯ ನಿರ್ಮೂಲನಕ್ಕೆ ಕೈಹಾಕಿದ ಮೇಲೆ ಈ ಶಾಸ್ತ್ರೀಯ ಪದಕ್ಕೆ ದೂಷಣೆಯ ಕಾವು ತಗಲಿತು. ಹೀಗೆ ಇಂಗ್ಲಿಷಿನಲ್ಲಿ ಇದು ಹುಟ್ಟಿನಿಂದ ಭೂಮಿಯ ಪದ, ಹಕ್ಕುದಾರಿಕೆಯ ಪದ. ಸ್ಕಾಟ್ಲೆಂಡಿನಲ್ಲಂತೂ 2004ರ ನವೆಂಬರ್ 28ರ ವರೆಗೂ ಅದು ಜೀವಂತ ಕಾನೂನಿನ ಪದವಾಗಿಯೇ ಇತ್ತು. ಅಲ್ಲಿಯ ಸಂಸತ್ತು 2000ದಲ್ಲಿ ಮಾಡಿದ ಶಾಸನ ಆ ದಿನ ಪೂರ್ಣವಾಗಿ ಜಾರಿಗೆ ಬರುವವರೆಗೆ ಮನೆಯನ್ನು ಕೊಂಡವನು ಕಾನೂನಿನ ಭಾಷೆಯಲ್ಲಿ ಯಾರೋ ಒಬ್ಬ ‘ಮೇಲೊಡೆಯ’ನ ‘ವ್ಯಾಸಲ್’ ಆಗಿರುವುದು ಸಾಧ್ಯವಿತ್ತು. ಎಡಿನ್‌ಬರೋದ ವಕೀಲನಿಗೆ ‘ಫ್ಯೂಡಲ್’ ಎಂದರೆ ಕ್ರಯಪತ್ರದ ಷರತ್ತು ನೆನಪಾಗುತ್ತಿತ್ತೇ ಹೊರತು ಅಜ್ಜಿಯಲ್ಲ.

ಈ ವಿಶೇಷಣ ಯಾವ ನಾಮಪದಗಳ ಜೊತೆಗೆ ಕೂಡುತ್ತದೆಂಬುದನ್ನು ನೋಡಿದರೆ ಅದರ ಸ್ವಭಾವ ತಿಳಿಯುತ್ತದೆ. ಫ್ಯೂಡಲ್ ಲಾರ್ಡ್, ಫ್ಯೂಡಲ್ ಟೆನ್ಯೂರ್, ಫ್ಯೂಡಲ್ ಡ್ಯೂಸ್, ಫ್ಯೂಡಲ್ ಸಿಸ್ಟಮ್: ಇವೆಲ್ಲ ಒಂದು ವರ್ಗಕ್ಕೆ ಸೇರಿಸುವ ಪ್ರಯೋಗಗಳು. ವರ್ಗಸೂಚಕ ವಿಶೇಷಣಕ್ಕೆ ಸಾಮಾನ್ಯವಾಗಿ ‘ತುಂಬ’, ‘ಸ್ವಲ್ಪ’ ಎಂಬ ತರತಮ ಸೇರುವುದಿಲ್ಲ. ಒಂದು ಹಿಡುವಳಿ ಫ್ಯೂಡಲ್ ಆಗಿರುತ್ತದೆ ಇಲ್ಲವೆ ಆಗಿರುವುದಿಲ್ಲ. ಆಕ್ಷೇಪದ ಅರ್ಥದಲ್ಲಿ ಬಳಸುವಾಗಲೂ ಇಂಗ್ಲಿಷ್ ಲೇಖಕನ ಗಮನ ಮೇಲುಕೀಳಿನ ಸಂಬಂಧದ ಮೇಲಿರುತ್ತದೆ. ಕಾರ್ಖಾನೆಯ ಯಜಮಾನ ಕೆಲಸಗಾರರನ್ನು ನಡೆಸಿಕೊಳ್ಳುವ ರೀತಿ ಫ್ಯೂಡಲ್ ಎನ್ನಬಹುದು. ತನ್ನ ಮಾತಿಗೆ ಎದುರಾಡಬಾರದೆಂದು ಹಟಹಿಡಿಯುವ ಜಮೀನ್ದಾರನ ವರ್ತನೆಯನ್ನು ‘ಆಲ್ಮೋಸ್ಟ್ ಫ್ಯೂಡಲ್’ ಎನ್ನಬಹುದು. ಸಂಜೆ ಬೇಗ ಮನೆಗೆ ಬಾ ಎನ್ನುವ ಮುದುಕಿಯಲ್ಲಿ ಒಡೆತನವೂ ಇಲ್ಲ, ಊಳಿಗವೂ ಇಲ್ಲ.

ಇಲ್ಲಿ ಇನ್ನೆರಡು ಚಿಕ್ಕ ಬಲೆಗಳನ್ನು ಹೇಳಿ ಮುಂದುವರಿಯುತ್ತೇನೆ. ‘ಫ್ಯೂಡ್’ ಎಂಬ ನಾಮಪದಕ್ಕೆ ಇಂದು ಬಳಕೆಯಲ್ಲಿರುವ ಅರ್ಥ ವಂಶಗಳ ನಡುವಣ ಹಗೆತನ. ಅದರ ಮೂಲವೇ ಬೇರೆ. ಆದರೆ ಅಕ್ಷರಸಾದೃಶ್ಯದಿಂದ ಮೋಸಹೋಗಿ ಫ್ಯೂಡಲ್ ಯುಗವೆಂದರೆ ಜಗಳಗಂಟರ ಯುಗವೆಂದು ಭಾವಿಸುವವರು ಚೀನೀಯರಲ್ಲಿ ಮಾತ್ರವಲ್ಲ, ನಮ್ಮ ತರಗತಿಗಳಲ್ಲಿಯೂ ಉಂಟು. ಎರಡನೆಯದು ಉಚ್ಚಾರಣೆಗೆ ಸಂಬಂಧಿಸಿದುದು. ಅಮೆರಿಕನ್ನರ ಬಾಯಲ್ಲಿ ‘ಫ್ಯೂಡಲ್’ ಎಂಬುದೂ ನಿಷ್ಫಲವೆಂಬ ಅರ್ಥದ ‘ಫ್ಯುಟೈಲ್’ ಎಂಬುದೂ ಬಹುಮಟ್ಟಿಗೆ ಒಂದೇ ಧ್ವನಿಯಾಗಿ ಕೇಳಿಸುತ್ತವೆ. ಅಮೆರಿಕನ್ ಉಚ್ಚಾರಣೆಯನ್ನು ಆದರ್ಶವಾಗಿಟ್ಟುಕೊಂಡವನಿಗೆ ಸಂದರ್ಭವೊಂದೇ ದಾರಿದೀಪ.

ಈಗ ಚೀನೀ ಪದದ ಕಡೆಗೆ ತಿರುಗೋಣ. ಮುಖ್ಯ ವಿಷಯವಿರುವುದು ಅಲ್ಲಿಯೇ. ‘ಫೆಂಗ್’ ಎಂದರೆ ಎಲ್ಲೆಯನ್ನು ಗುರುತಿಸಲು ಮಣ್ಣಿನ ದಿಬ್ಬ ಕಟ್ಟುವುದು, ಆ ಮೂಲಕ ಪ್ರದೇಶವನ್ನು ವಹಿಸಿಕೊಡುವುದು. ‘ಜಿಯನ್’ ಎಂದರೆ ಸ್ಥಾಪಿಸುವುದು. ಚೌ ವಂಶದ ಅರಸರು ತಮ್ಮ ದಾಯಾದಿಗಳನ್ನೂ ಬೆಂಬಲಿಗರನ್ನೂ ಹೊರನಾಡುಗಳಲ್ಲಿ ನೆಲೆಗೊಳಿಸಿ ರಾಜ್ಯಕ್ಕೆ ಬೇಲಿಯಂತೆ ಮಾಡಿಕೊಂಡ ಏರ್ಪಾಡಿಗೆ ಪುರಾತನರು ಈ ಪದವನ್ನು ಬಳಸಿದರು. ಕ್ರಿ. ಪೂ. 221ರಲ್ಲಿ ಚಿನ್ ದೇಶದ ಅರಸ ಇಡೀ ಚೀನವನ್ನು ಗೆದ್ದು ಪ್ರಥಮ ಸಾಮ್ರಾಟನೆನಿಸಿಕೊಂಡಾಗ ಮಂತ್ರಿ ವಾಂಗ್ ವಾನ್ ದೂರದ ನಾಡುಗಳಲ್ಲಿ ರಾಜಪುತ್ರರನ್ನು ನೆಲೆಗೊಳಿಸಬೇಕೆಂದು ಬಿನ್ನವಿಸಿದನು. ಲಿ ಸು ಎಂಬ ನ್ಯಾಯಾಧಿಕಾರಿ ಅದನ್ನು ಖಂಡಿಸಿ, ಆ ಪದ್ಧತಿಯಿಂದಲೇ ದೇಶ ಶತಮಾನಗಳ ಯುದ್ಧಕ್ಕೆ ಈಡಾಯಿತೆಂದನು. ಸಾಮ್ರಾಟ ಲಿ ಸುವಿನ ಮಾತನ್ನು ಒಪ್ಪಿ, ದೇಶವನ್ನು 36 ಪ್ರಾಂತಗಳಾಗಿ ವಿಂಗಡಿಸಿ ಸಂಬಳದ ಅಧಿಕಾರಿಗಳನ್ನು ನೇಮಿಸಿದನು. ಈ ಹೊಸ ಏರ್ಪಾಡಿಗೆ ‘ಜುನ್‌ಶಿಯನ್’ ಎಂದು ಹೆಸರು.

ಅಂದಿನಿಂದ ಎರಡು ಸಾವಿರ ವರ್ಷಗಳ ಕಾಲ ಫೆಂಗ್‌ಜಿಯನ್ ಮತ್ತು ಜುನ್‌ಶಿಯನ್ ಎಂಬಿವು ಪರಸ್ಪರ ವಿರುದ್ಧ ಪದಗಳಾಗಿ ಚೀನದ ರಾಜನೀತಿಚರ್ಚೆಯಲ್ಲಿ ನಿಂತವು. ತಾಂಗ್ ಕಾಲದ ಲಿಯು ತ್ಸುಂಗ್-ಯುವಾನ್ (773-819) ಫೆಂಗ್‌ಜಿಯನ್ ಕುರಿತೇ ಒಂದು ಪ್ರಬಂಧ ಬರೆದು, ಅದು ಋಷಿಸದೃಶರಾದ ಪೂರ್ವರಾಜರ ಸಂಕಲ್ಪದಿಂದ ಬಂದುದಲ್ಲ, ಕಾಲದ ಒತ್ತಡದಿಂದ ಬಂದುದೆಂದು ವಾದಿಸಿದನು. 17ನೆಯ ಶತಮಾನದ ಕು ಯೆನ್-ವು, ಅಧಿಕಾರವೆಲ್ಲ ರಾಜಧಾನಿಯಲ್ಲಿ ಕೇಂದ್ರೀಕೃತವಾದುದನ್ನು ಕಂಡು ಬೇಸತ್ತು, ಜುನ್‌ಶಿಯನ್ನಿನ ಒಡಲಲ್ಲಿ ಫೆಂಗ್‌ಜಿಯನ್ನಿನ ಜೀವವನ್ನು ಇರಿಸಬೇಕೆಂದನು. ಅವನ ಬಾಯಲ್ಲಿ ಅದು ಬೈಗುಳವಲ್ಲ. ಸ್ಥಳೀಯರ ಹೊಣೆಗಾರಿಕೆಯೆಂಬ ಒಳ್ಳೆಯ ಅರ್ಥ ಅದಕ್ಕಿತ್ತು. ಇಂದಿನ ಚೀನೀ ವಿದ್ಯಾರ್ಥಿಗೆ ಈ ಸಂಗತಿಯನ್ನು ತಿಳಿಸಿದರೆ ಅವನು ಆಶ್ಚರ್ಯಪಡುವುದು ಸಹಜ.

ಇಂಗ್ಲಿಷ್ ಪದಕ್ಕೂ ಈ ಪದಕ್ಕೂ ಗಂಟುಹಾಕಿದವರಲ್ಲಿ ಮುಖ್ಯನು ಯೆನ್ ಫು (1854-1921). ಇಂಗ್ಲೆಂಡಿನ ಗ್ರೀನಿಚ್ಚಿನಲ್ಲಿ ನೌಕಾಶಿಕ್ಷಣ ಪಡೆದ ಈ ಮಹಾಭಾಷಾಂತರಕಾರನು ಆಡಂ ಸ್ಮಿತ್‌ನ ಗ್ರಂಥವನ್ನು 1901-02ರಲ್ಲಿ ಚೀನೀ ಭಾಷೆಗೆ ತಂದಾಗ ‘ಫ್ಯೂಡಲ್’ ಎಂಬುದನ್ನು ಅನುವಾದಿಸದೆ ‘ಫುತೆ’ ಎಂದು ಧ್ವನಿಯನ್ನಷ್ಟೇ ಬರೆದನು. ಇದು ವಿವೇಕದ ಲಕ್ಷಣವೆಂದು ನನಗೆ ತೋರುತ್ತದೆ. ಸಮಾನಪದವಿಲ್ಲದ ಕಡೆ ಸಮಾನಪದವಿದೆಯೆಂದು ನಟಿಸುವುದಕ್ಕಿಂತ ಅಪರಿಚಿತ ಧ್ವನಿಯನ್ನು ಓದುಗನ ಮುಂದಿಡುವುದು ಮೇಲು. ಆದರೆ 1904ರಲ್ಲಿ ಪ್ರಕಟವಾದ, ಎಡ್ವರ್ಡ್ ಜೆಂಕ್ಸ್‌ನ ರಾಜಕೀಯ ಚರಿತ್ರೆಯ ಭಾಷಾಂತರದಲ್ಲಿ ಅವನು ‘ಫೆಂಗ್‌ಜಿಯನ್’ ಎಂಬುದನ್ನೇ ಹಿಡಿದನು. ಹಾಗೆ ಹಿಡಿದರೂ ಪುರಾತನ ಅರ್ಥವನ್ನು ಅವನು ಕೈಬಿಡಲಿಲ್ಲ: ಅವನ ಲೆಕ್ಕದಲ್ಲಿ ಚೀನದ ಫೆಂಗ್‌ಜಿಯನ್ ಯುಗ ಚಿನ್ ಸಾಮ್ರಾಟನೊಂದಿಗೆ ಮುಗಿದುಹೋಯಿತು. ಪದದ ಮುಂದಿನ ಅವಾಂತರಕ್ಕೆಲ್ಲ ಯೆನ್ ಫುವನ್ನೇ ಹೊಣೆಮಾಡುವ ವಿಮರ್ಶಕರು ಈ ಅಂಶವನ್ನು ಗಮನಿಸಬೇಕು.

ಪದ ಹಿಗ್ಗಿದ್ದು ಅನಂತರ. ಜಪಾನೀಯರು ಇದೇ ಎರಡು ಲಿಪಿಚಿಹ್ನೆಗಳನ್ನು ‘ಹೋಕೆನ್’ ಎಂದು ಓದಿ, 1871ರಲ್ಲಿ ರದ್ದಾದ ತಮ್ಮ ಮಾಂಡಲಿಕ ಸಂಸ್ಥಾನಗಳ ವ್ಯವಸ್ಥೆಗೆ ಅನ್ವಯಿಸಿಕೊಂಡಿದ್ದರು. ಅಲ್ಲಿ ಅದು ಯುರೋಪಿನ ಅರ್ಥಕ್ಕೆ ಅಷ್ಟೇನೂ ದೂರವಾಗಿರಲಿಲ್ಲ. ಹಳೆಯ ವ್ಯವಸ್ಥೆ ಸದ್ಯವೇ ಅಳಿದಿದ್ದುದರಿಂದ ಹಳೆಯದೆಲ್ಲ ಅಲ್ಲಿ ‘ಹೋಕೆನ್’ ಎನಿಸಿದ್ದೂ ಸಹಜ. ಜಪಾನಿಗೆ ಹೋಗಿಬಂದಿದ್ದ ಚೆನ್ ತು-ಶಿಯು 1915ರಲ್ಲಿ ಶಾಂಘೈಯಲ್ಲಿ ತರುಣರಿಗಾಗಿ ಪತ್ರಿಕೆಯನ್ನು ಆರಂಭಿಸಿ, ಚೀನದ ಪರಂಪರಾಗತ ನೀತಿ, ಕಾನೂನು, ವಿದ್ಯೆ, ಆಚಾರ ಎಲ್ಲವೂ ಫೆಂಗ್‌ಜಿಯನ್ ಪದ್ಧತಿಯ ಅವಶೇಷಗಳೆಂದು ಸಾರಿದನು. ಜಪಾನಿನಲ್ಲಿ ನಲವತ್ತು ನಾಲ್ಕು ವರ್ಷಗಳ ಹಿಂದೆ ಅಳಿದುದು ಚೀನದಲ್ಲಿ ಎರಡು ಸಾವಿರದ ಒಂದುನೂರು ವರ್ಷಗಳ ಹಿಂದೆಯೇ ಅಳಿದಿತ್ತೆಂಬುದನ್ನು ಬಲ್ಲವನೇ ಅವನು. ಆದರೆ ಅವನಿಗೆ ಬೇಕಾಗಿದ್ದುದು ಕಾಲಗಣನೆಯಲ್ಲ, ಆಯುಧ.

ಬಳಿಕ ಮಾರ್ಕ್ಸ್‌ವಾದಿಗಳು ಈ ಆಯುಧವನ್ನು ಶಾಸ್ತ್ರವನ್ನಾಗಿ ಮಾಡಿದರು. 1938ರಲ್ಲಿ ಸ್ಟಾಲಿನ್ ಕಾಲದ ಸೋವಿಯತ್ ಪಠ್ಯ ಮಾನವಸಮಾಜದ ಐದು ಘಟ್ಟಗಳನ್ನು ನಿಗದಿಮಾಡಿತು. 1939ರ ಕೊನೆಯಲ್ಲಿ ಮಾವೋ ತ್ಸೆ-ತುಂಗ್ ಚೀನದ ಫೆಂಗ್‌ಜಿಯನ್ ಸಮಾಜ ಚೌ ಮತ್ತು ಚಿನ್ ಕಾಲದಿಂದ ಸುಮಾರು 3000 ವರ್ಷ ನಡೆಯಿತೆಂದು ಬರೆದನು. ಕುವೊ ಮೊ-ಜೊ 1952ರ ತನ್ನ ಗ್ರಂಥದಲ್ಲಿ ಚೌ ಕಾಲದ ಪೂರ್ವಾರ್ಧವನ್ನು ಗುಲಾಮ ಸಮಾಜವೆಂದೂ, ಕ್ರಿ. ಪೂ. 5ನೆಯ ಶತಮಾನದಿಂದ ಈಚಿನದನ್ನು ಫೆಂಗ್‌ಜಿಯನ್ ಸಮಾಜವೆಂದೂ ವಿಂಗಡಿಸಿದನು. ಶಾಲಾಪಠ್ಯಗಳಲ್ಲಿ ನೆಲೆನಿಂತದ್ದು ಈ ವಿಂಗಡಣೆ. ಇದರ ಫಲವನ್ನು ವಾಚಕರು ನಿಧಾನವಾಗಿ ಪರಿಭಾವಿಸಬೇಕು. ಯಾವ ಕಾಲದಲ್ಲಿ ಫೆಂಗ್‌ಜಿಯನ್ ನಿಜವಾಗಿಯೂ ಇದ್ದಿತೋ ಆ ಕಾಲ ಫೆಂಗ್‌ಜಿಯನ್ ಅಲ್ಲವೆಂದಾಯಿತು! ಅದನ್ನು ನಿರ್ಮೂಲಗೊಳಿಸಿದ ಸಾಮ್ರಾಟನೇ ಫೆಂಗ್‌ಜಿಯನ್ ಸಾಮ್ರಾಟನಾದನು. ಭೂಮಿಯನ್ನು ಕೊಳ್ಳುವ ಮಾರುವ ಸ್ವಾತಂತ್ರ್ಯವಿದ್ದ, ಪರೀಕ್ಷೆಯಲ್ಲಿ ತೇರ್ಗಡೆಯಾದ ಅಧಿಕಾರಿಗಳು ಆಳಿದ, ಕೇಂದ್ರದ ಹಿಡಿತ ಬಿಗಿಯಾಗಿದ್ದ ಸಾಮ್ರಾಜ್ಯಕ್ಕೆ, ಯುರೋಪಿನಲ್ಲಿ ಕೇಂದ್ರವೇ ಕುಸಿದುಬಿದ್ದಾಗ ಹುಟ್ಟಿದ ವ್ಯವಸ್ಥೆಯ ಹೆಸರು ಬಂದಿತು.

ಆದರೂ ಇದು ವಿದ್ವಾಂಸರ ಮೇಜಿನ ಮೇಲಣ ತಪ್ಪು ಮಾತ್ರವೆಂದು ನಕ್ಕು ಬಿಡುವಂತಿಲ್ಲ. 1950ರಲ್ಲಿ ಹೊಸ ಸರಕಾರ ಎರಡು ಶಾಸನಗಳನ್ನು ಹೊರಡಿಸಿತು. ಮೇ 1ರ ವಿವಾಹ ಶಾಸನದ ಮೊದಲ ವಿಧಿ ಫೆಂಗ್‌ಜಿಯನ್ ವಿವಾಹಪದ್ಧತಿಯನ್ನು, ಎಂದರೆ ಹಿರಿಯರ ಬಲಾತ್ಕಾರದ ಮದುವೆಯನ್ನೂ ಹೆಣ್ಣಿನ ಮೇಲೆ ಗಂಡಿನ ಮೇಲ್ಮೆಯನ್ನೂ ರದ್ದುಮಾಡಿತು. ಜೂನ್ ತಿಂಗಳ ಭೂಸುಧಾರಣಾ ಶಾಸನದ ಮೊದಲ ವಿಧಿ ಜಮೀನ್ದಾರವರ್ಗದ ಫೆಂಗ್‌ಜಿಯನ್ ಶೋಷಣೆಯ ಭೂಒಡೆತನವನ್ನು ರದ್ದುಮಾಡಿತು. ಒಂದೇ ವರ್ಷ, ಒಂದೇ ವಿಶೇಷಣ, ಗುರಿ ಎರಡು. ಮೊದಲನೆಯದರಿಂದ ಅಸಂಖ್ಯ ಹೆಣ್ಣುಮಕ್ಕಳಿಗೆ ತಮಗೆ ಬೇಡವಾದ ಮದುವೆಯಿಂದ ಬಿಡುಗಡೆಯ ದಾರಿ ತೆರೆಯಿತು. ಎರಡನೆಯದರ ಜಾರಿಯಲ್ಲಿ ಒಕ್ಕಲುಗಳಿಗೆ ನೆಲ ದೊರೆಯಿತು. ಜಮೀನ್ದಾರರೆಂಬ ಮುದ್ರೆ ಬಿದ್ದವರಲ್ಲಿ ಅನೇಕರು ಹಳ್ಳಿಯ ಸಭೆಗಳಲ್ಲಿ ಹಿಂಸೆಗೊಳಗಾದರು, ಪ್ರಾಣವನ್ನೂ ಕಳೆದುಕೊಂಡರು. ಆ ಮುದ್ರೆ ಮಕ್ಕಳ ಮೇಲೆ ದಶಕಗಳ ಕಾಲ ಉಳಿಯಿತು. ಇಷ್ಟು ಹೊರೆಯನ್ನು ಹೊತ್ತ ಪದವನ್ನು ಕೇವಲ ‘ತಪ್ಪು ಅನುವಾದ’ವೆನ್ನುವುದು ಅದನ್ನು ಕೇಳಿ ಬದುಕಿದವರಿಗೆ ಅನ್ಯಾಯ.

ಭೂಮಿಯ ಗುರಿ ಈಡೇರಿತು. ಮನೆಯ ಗುರಿ ಉಳಿಯಿತು. ಆದಕಾರಣವೇ ಇಂದಿನ ಆಡುಮಾತಿನಲ್ಲಿ ಪದದ ವಿವಾಹಸಂಬಂಧದ ಮುಖ ಮುಂದಾಗಿದೆ. ಚೀನೀ ಭಾಷೆಯಲ್ಲಿ ‘ತಾ ಹನ್ ಫೆಂಗ್‌ಜಿಯನ್’ ಎಂದರೆ ಆತ ಅಥವಾ ಆಕೆ ಬಹಳ ಹಳೆಯ ಮನಸ್ಸಿನವರು, ಗಂಡುಹೆಣ್ಣಿನ ವಿಷಯದಲ್ಲಿ ಬಿಗುಮಾನದವರು ಎಂದರ್ಥ. ‘ಹನ್’ ಎಂಬುದು ‘ತುಂಬ’ ಎಂಬುದಕ್ಕೆ ಸಮ, ಮತ್ತು ಆ ಭಾಷೆಯಲ್ಲಿ ವಿಶೇಷಣವೇ ಆಖ್ಯಾತವಾಗುವುದರಿಂದ ವಾಕ್ಯ ಸರಾಗವಾಗಿ ಹರಿಯುತ್ತದೆ. ‘ಫೆಂಗ್‌ಜಿಯನ್ ಮಿಶಿನ್’ ಎಂಬ ಜೋಡುಪದಕ್ಕೆ ಶಕುನ, ಜ್ಯೋತಿಷ, ದೆವ್ವಬಿಡಿಸುವಿಕೆ ಮುಂತಾದ ಮೂಢಾಚಾರವೆಂಬ ಅರ್ಥ. ವಿದ್ಯಾರ್ಥಿನಿಯ ಅಜ್ಜಿ ಇಂಗ್ಲಿಷಿನಲ್ಲಿ ‘ಫ್ಯೂಡಲ್’ ಆದದ್ದು ಈ ದಾರಿಯಿಂದ. ಆಕೆ ಬರೆಯಬೇಕಾಗಿದ್ದುದು ಸಂದರ್ಭಾನುಸಾರ ‘ಓಲ್ಡ್-ಫ್ಯಾಷನ್ಡ್’ ಅಥವಾ ‘ಸ್ಟ್ರೇಟ್-ಲೇಸ್ಡ್’. ಗಂಡುಮಕ್ಕಳಿಗೆ ಮಾತ್ರ ಆಸ್ತಿ, ಓದು ಎನ್ನುವ ಮನೆತನವಾದರೆ ‘ಪೇಟ್ರಿಯಾರ್ಕಲ್’. ಮಿಶಿನ್ನಿಗೆ ಸಾದಾ ‘ಸೂಪರ್‌ಸ್ಟಿಷನ್’ ಸಾಕು. ಅದಕ್ಕೆ ‘ಫ್ಯೂಡಲ್’ ಸೇರಿಸಿದರೆ ಇಂಗ್ಲಿಷ್ ವಾಚಕನು ಸಾಮಂತರಿಗೆ ಮಾತ್ರ ಮೀಸಲಾದ ಒಂದು ಮೂಢನಂಬಿಕೆಯನ್ನು ಹುಡುಕತೊಡಗುತ್ತಾನೆ.

ಚರಿತ್ರೆಯ ಪ್ರಬಂಧಗಳಲ್ಲಿ ತೊಂದರೆ ಇನ್ನೂ ಸೂಕ್ಷ್ಮ. ‘ಮಂಚು ವಂಶದ ಫ್ಯೂಡಲ್ ಸಾಮ್ರಾಟರು’ ಎಂದು ವಿದ್ಯಾರ್ಥಿ ಬರೆದಾಗ ಅವನ ಮಟ್ಟಿಗೆ ಅದು ‘ಹಿಂದಿನ ಕಾಲದ’ ಎಂಬಷ್ಟೇ ನಿರಪಾಯವಾದ ಅಲಂಕಾರ. ಇಂಗ್ಲಿಷಿನಲ್ಲಿ ಅದೊಂದು ಸಿದ್ಧಾಂತದ ಘೋಷಣೆ. ಸಾಧನೆ ಬೇಡುವ ಪಕ್ಷ. ಅಲ್ಲಿಯ ವಿದ್ವಾಂಸರು ಚಿನ್‌ನಿಂದ 1912ರ ವರೆಗಿನ ಕಾಲಕ್ಕೆ ‘ಇಂಪೀರಿಯಲ್’ ಎಂಬ ಪದವನ್ನು ಬಳಸುತ್ತಾರೆ. ಡರ್ಕ್ ಬಾಡ್ 1956ರ ಪ್ರಬಂಧದಲ್ಲಿ ಚೀನದ ಫ್ಯೂಡಲ್ ಕಾಲವನ್ನು ಮುಖ್ಯವಾಗಿ ಚೌ ಯುಗದಲ್ಲಿ ಗುರುತಿಸಿದನು. ಜೋಸೆಫ್ ನೀಡಮ್ ಸಾಮ್ರಾಜ್ಯಕಾಲಕ್ಕೂ ಆ ಪದವನ್ನು ಉಳಿಸಿಕೊಂಡನಾದರೂ ‘ಬ್ಯೂರೋಕ್ರ್ಯಾಟಿಕ್ ಫ್ಯೂಡಲಿಸಂ’ ಎಂದು ಇನ್ನೊಂದು ವಿಶೇಷಣದ ಊರೆಗೋಲು ಕೊಡಬೇಕಾಯಿತು. 2003ರಲ್ಲಿ ಲಿ ಫೆಂಗ್ ಚೌ ಕಾಲಕ್ಕೂ ‘ಫ್ಯೂಡಲ್’ ಸಲ್ಲದೆಂದು ವಾದಿಸಿದನು. ಯುರೋಪಿನಲ್ಲಿಯೇ ಪದದ ಬುಡ ಅಲುಗಾಡುತ್ತಿದೆಯೆಂಬುದು ಬೇರೆ ಮಾತು: 1974ರಲ್ಲಿ ಎಲಿಜಬೆತ್ ಬ್ರೌನ್, 1994ರಲ್ಲಿ ಸೂಸನ್ ರೆನಾಲ್ಡ್ಸ್, ಈ ಕಲ್ಪನೆ ಮಧ್ಯಯುಗದ ಸಾಕ್ಷ್ಯಕ್ಕಿಂತ ಆಮೇಲಿನ ನ್ಯಾಯಶಾಸ್ತ್ರಜ್ಞರ ಕಟ್ಟಡವೆಂದು ತೋರಿಸಹೊರಟರು. ಎಂದಮೇಲೆ ಚೀನೀ ವಿದ್ಯಾರ್ಥಿಯನ್ನು ಮಾತ್ರ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುವುದು ಸರಿಯಲ್ಲ.

ಚೀನದಲ್ಲಿಯೇ ಈ ಗೊಂದಲವನ್ನು ಮನಗಂಡವರಿದ್ದಾರೆ. ವುಹಾನಿನ ಫೆಂಗ್ ತಿಯನ್‌ಯು 2006ರ ತನ್ನ ಬೃಹದ್ಗ್ರಂಥದಲ್ಲಿ ಪದದ ಸಮಸ್ತ ಚರಿತ್ರೆಯನ್ನೂ ಶೋಧಿಸಿ, ಅದನ್ನು ಪುರಾತನಾರ್ಥಕ್ಕೆ ಮರಳಿಸಬೇಕೆಂದೂ ಸಾಮ್ರಾಜ್ಯಕಾಲದ ಸಮಾಜಕ್ಕೆ ಕುಲಧರ್ಮ, ಜಮೀನ್ದಾರಿಕೆ, ನಿರಂಕುಶಾಧಿಕಾರ ಈ ಮೂರನ್ನೂ ಕೂಡಿಸಿದ ಹೊಸ ಹೆಸರಿಡಬೇಕೆಂದೂ ಸೂಚಿಸಿದನು. ಶೋಧನೆಯ ಭಾಗ ಪ್ರಶಂಸಾರ್ಹ. ಪರಿಹಾರ ಮಾತ್ರ ನನಗೆ ಒಪ್ಪಿಗೆಯಾಗಿಲ್ಲ. ಶತಕೋಟಿ ಜನರ ಬಾಯಲ್ಲಿ ಬೇರೂರಿದ ಪದವನ್ನು ವಿದ್ವಾಂಸರು ಹಿಂದಕ್ಕೆ ಕರೆಸಿಕೊಳ್ಳಲಾರರು; ಮೂರು ಮಾರುದ್ದದ ಸಮಾಸವನ್ನು ಯಾವ ಅಜ್ಜಿಗೂ ಯಾವ ಮೊಮ್ಮಗಳೂ ಹೇಳಲಾರಳು. ಚೀನೀ ಪದ ಚೀನೀ ಭಾಷೆಯಲ್ಲಿ ತನ್ನ ಇಂದಿನ ಅರ್ಥದಲ್ಲಿಯೇ ಇರಲಿ. ಕಡಿಯಬೇಕಾದುದು ನಿಘಂಟಿನ ಸಮಚಿಹ್ನೆಯನ್ನು. ‘ಫೆಂಗ್‌ಜಿಯನ್’ ಎಂಬುದರ ಕೆಳಗೆ ಕನಿಷ್ಠ ಮೂರು ಅರ್ಥಗಳನ್ನು ಬೇರ್ಪಡಿಸಿ, ಚೌ ಕಾಲದ ಏರ್ಪಾಡಿಗೆ ಒಂದು, ಮಾರ್ಕ್ಸ್‌ವಾದಿಗಳ ಘಟ್ಟಕ್ಕೆ ಒಂದು, ಮನೋಧರ್ಮಕ್ಕೆ ಒಂದು ಎಂದು ಇಂಗ್ಲಿಷ್ ಪದಗಳನ್ನು ಕೊಟ್ಟರೆ, ಮೂರನೆಯದರಲ್ಲಿ ‘ಫ್ಯೂಡಲ್’ ಬರುವ ಕಾರಣವೇ ಇರುವುದಿಲ್ಲ. ಶಿಕ್ಷಕನು ತರಗತಿಯಲ್ಲಿ ವಿಶೇಷಣವನ್ನು ಒಂಟಿಯಾಗಿ ಕಲಿಸದೆ ಅದರ ನಾಮಪದದೊಂದಿಗೆ ಕಲಿಸಬೇಕು. ‘ಫ್ಯೂಡಲ್’ ಎಂಬುದರ ಮುಂದೆ ಮನುಷ್ಯನನ್ನು ಇಡುವಾಗ, ಅವನ ಮೇಲೊಬ್ಬ ಒಡೆಯನೋ ಕೆಳಗೊಬ್ಬ ಆಳೋ ಇದ್ದಾನೆಯೆ ಎಂದು ವಿದ್ಯಾರ್ಥಿ ಕೇಳಿಕೊಳ್ಳಲಿ.

ಕನ್ನಡಿಗರಾದ ನಮಗೂ ಇದರಲ್ಲಿ ಪಾಲುಂಟು. ‘ಊಳಿಗಮಾನ್ಯ’ ಎಂಬ ನಮ್ಮ ಪದ ರಚನೆಯಲ್ಲಿ ಫೆಂಗ್‌ಜಿಯನ್ನಿಗಿಂತ ಅದೃಷ್ಟವಂತ: ಊಳಿಗಕ್ಕಾಗಿ ಬಿಟ್ಟ ಮಾನ್ಯದ ಭೂಮಿ ಎಂಬ ಅರ್ಥ ‘ಫ್ಯೂಡುಮ್’ ಎಂಬುದಕ್ಕೆ ಬಹು ಸಮೀಪ. ಭಾರತದಲ್ಲಿ ಅಂಥ ವ್ಯವಸ್ಥೆ ಇತ್ತೆಂದು ರಾಮಶರಣ ಶರ್ಮರು 1965ರಲ್ಲಿ ದಾನಶಾಸನಗಳ ಆಧಾರದಿಂದ ಪ್ರತಿಪಾದಿಸಿದುದೂ, 1979ರಲ್ಲಿ ಹರಬನ್ಸ್ ಮುಖಿಯಾ ಅದನ್ನು ಪ್ರಶ್ನಿಸಿದುದೂ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿದ್ದ ಸಂಗತಿಯೇ. ನಮ್ಮ ವೃತ್ತಪತ್ರಿಕೆಗಳಲ್ಲಿ ‘ಊಳಿಗಮಾನ್ಯ ಮನೋಭಾವ’ ಎಂಬ ಪ್ರಯೋಗ ಸಾಕಷ್ಟಿದೆ; ಆದರೆ ಅದರಲ್ಲಿ ದರ್ಪದ ಒಡೆಯನ ಚಿತ್ರ ಇನ್ನೂ ಅಳಿದಿಲ್ಲ. ಕಟ್ಟುನಿಟ್ಟಿನ ಅಜ್ಜಿಗೆ ನಾವು ‘ಮಡಿವಂತೆ’ ಎನ್ನುತ್ತೇವೆ. ಅಪಾಯ ಬರುವುದು ಭಾಷಾಂತರದ ಹಾದಿಯಲ್ಲಿ. ಚೀನೀ ಕಥೆಗಳು ಕನ್ನಡಕ್ಕೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಬರುತ್ತವೆ. ಮೂಲದ ‘ಫೆಂಗ್‌ಜಿಯನ್’ ಬೀಜಿಂಗಿನ ಇಂಗ್ಲಿಷ್ ಅನುವಾದದಲ್ಲಿ ‘ಫ್ಯೂಡಲ್’ ಆಗಿ, ನಮ್ಮವರ ಕೈಗೆ ಸಿಕ್ಕೊಡನೆ ‘ಊಳಿಗಮಾನ್ಯ’ವಾದರೆ, ಪಾಪ, ಆ ಮುದುಕಿಗೆ ಮಾನ್ಯದ ಹೊಲವನ್ನೂ ಬಿಟ್ಟುಕೊಟ್ಟಂತಾಗುತ್ತದೆ. ಅಲ್ಲಿ ‘ಹಳೆಯ ಸಂಪ್ರದಾಯದವಳು’ ಎಂದೋ ‘ಮಡಿವಂತೆ’ ಎಂದೋ ಬರೆದರೆ ಸಾಕು. ಅದೇ ಕಥೆಯ ಮುಂದಿನ ಪುಟದಲ್ಲಿ 1950ರ ಭೂಸುಧಾರಣಾ ಶಾಸನದ ಮಾತು ಬಂದರೆ ಮಾತ್ರ ‘ಊಳಿಗಮಾನ್ಯ’ವನ್ನೇ ಉಳಿಸಬೇಕು, ಅಲ್ಲಿ ಮಾತನಾಡುತ್ತಿರುವುದು ಸರಕಾರ.